ಕಾಣುವುದು ಹೇಗೆಂದು ಕಂಡುಕೊಳ್ಳಲು: ಗುಂಡುಸೂಜಿ, ಆಮಂತ್ರಣ ಪತ್ರಿಕೆ, ಇಡ್ಲಿ ತಟ್ಟೆ

ಕಣ್ಣು ಕ್ಯಾಮೆರಾದ ಹಾಗೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮುಂದೆ ಮಸೂರ, ಹಿಂದೆ ಚಿತ್ರ ಬೀಳುವ ಪರದೆ. ಅಲ್ಲಿಯವರೆಗೆ ಹೋಲಿಕೆ ಸರಿಯೇ. ಪರದೆಯಿಂದ ಆಚೆಗೆ ಅದು ನಡೆಯುವುದಿಲ್ಲ. ಅಕ್ಷಿಪಟಲ ಎನ್ನುವ ಆ ಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 12 ಕೋಟಿ. ಅಲ್ಲಿಂದ ಮಿದುಳಿಗೆ ಹೊರಡುವ ದೃಷ್ಟಿನರದಲ್ಲಿ ಎಳೆಗಳು ಹತ್ತು ಹನ್ನೆರಡು ಲಕ್ಷ ಮಾತ್ರ. ಸರಾಸರಿ ನೂರು ಕೋಶಗಳ ಸುದ್ದಿ ಒಂದು ಎಳೆಯಲ್ಲಿ ಹೋಗಬೇಕು. ಹೋಗುವುದು ಚಿತ್ರವಲ್ಲ, ಸೋಸಿದ ವರದಿ. ಉಳಿದದ್ದನ್ನು ಮಿದುಳು ಊಹಿಸಿ ತುಂಬುತ್ತದೆ, ತೇಪೆ ಕಾಣದ ಹಾಗೆ ಹೊಲಿಯುತ್ತದೆ. ಆ ತೇಪೆಗಳನ್ನು ಒಂದೊಂದಾಗಿ ಹುಡುಕಿ ಹಿಡಿಯುವ ಬಗೆ ಇಲ್ಲಿದೆ.

ಬೇಕಾದ ಸಾಮಾನು ಎಲ್ಲರ ಮನೆಯಲ್ಲೂ ಸಿಗುತ್ತದೆ: ದಪ್ಪ ಕಾಗದದ ಹಳೆಯ ಆಮಂತ್ರಣ ಪತ್ರಿಕೆ ಎರಡು, ಗುಂಡುಸೂಜಿ ಎರಡು, ಸ್ಕೇಲು, ಕಪ್ಪು ಸ್ಕೆಚ್ ಪೆನ್ನು, ಎ4 ಹಾಳೆ, ಒಂದೂವರೆ ಮೀಟರು ದಾರ, ಬೀಗದ ಕೈ ಗೊಂಚಲು, ಕರಿ ಕನ್ನಡಕ, ಖಾಲಿ ಇಡ್ಲಿ ತಟ್ಟೆ, ಮೊಬೈಲು. ಚಾಳೀಸು ಇರುವವರು ಬೇರೆ ಹೇಳದ ಹೊರತು ಹಾಕಿಕೊಂಡೇ ಮಾಡಿ. ಯಾವ ಪ್ರಯೋಗದಲ್ಲೂ ಸೂರ್ಯನನ್ನಾಗಲಿ ಲೇಸರ್ ಬೆಳಕನ್ನಾಗಲಿ ನೋಡಬೇಡಿ. ಅಕ್ಷಿಪಟಲ ಸುಟ್ಟರೆ ನೋವೇ ಆಗುವುದಿಲ್ಲ, ಅದೇ ಅಪಾಯ.

ತಲೆಕೆಳಗಾದ ಗುಂಡುಸೂಜಿ

ಅಕ್ಷಿಪಟಲದ ಮೇಲೆ ಲೋಕದ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಕೆಪ್ಲರ್ ಇದನ್ನು 1604ರಲ್ಲೇ ಲೆಕ್ಕ ಹಾಕಿ ಹೇಳಿದ್ದ. ಮಿದುಳು ಅದನ್ನು ಸರಿಮಾಡಿಕೊಳ್ಳುತ್ತದೆ ಎನ್ನುವುದಕ್ಕೆ ಪುರಾವೆ ಎರಡು ನಿಮಿಷದ ಕೆಲಸ.

ಪತ್ರಿಕೆಗೆ ಗುಂಡುಸೂಜಿಯಿಂದ ಒಂದು ತೂತು ಮಾಡಿ. ಅಂಚಿನಲ್ಲಿ ಕಾಗದದ ನಾರು ಉಳಿಯದಂತೆ ಸೂಜಿಯನ್ನು ಒಮ್ಮೆ ತಿರುಗಿಸಿ ತೆಗೆಯಿರಿ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನಿಂದ 3–4 ಸೆಂ.ಮೀ. ದೂರದಲ್ಲಿ ತೂತನ್ನು ಹಿಡಿದು ಬೆಳಕಿನ ಆಕಾಶದ ಕಡೆ ನೋಡಿ. ತೂತು ಮಸುಕಾದ ಬೆಳಕಿನ ಬಿಲ್ಲೆಯ ಹಾಗೆ ಕಾಣುತ್ತದೆ. ಈಗ ಇನ್ನೊಂದು ಸೂಜಿಯ ಚೂಪು ತುದಿ ಬೆರಳೊಳಗೆ ಇರುವಂತೆ, ಗುಂಡು ತಲೆ ಮೇಲಕ್ಕಿರುವಂತೆ ಹಿಡಿದು, ಕಣ್ಣು ಮತ್ತು ತೂತಿನ ನಡುವೆ ಕೆಳಗಿನಿಂದ ನಿಧಾನವಾಗಿ ಮೇಲೆ ತನ್ನಿ. ಕಣ್ಣಿನಿಂದ ಒಂದೂವರೆ ಸೆಂ.ಮೀ. ದೂರವಿರಲಿ.

ಬಿಲ್ಲೆಯೊಳಗೆ ಸೂಜಿ ಮೇಲಿನಿಂದ, ತಲೆಕೆಳಗಾಗಿ ಇಳಿದು ಬರುತ್ತದೆ! ಕೈ ಮೇಲೇರುತ್ತಿದೆ, ಸೂಜಿ ಕೆಳಗಿಳಿಯುತ್ತಿದೆ. ಇಷ್ಟು ಹತ್ತಿರದ ಸೂಜಿಯ ಬಿಂಬ ಮೂಡಿಸುವುದು ಮಸೂರದ ಕೈಲಾಗದು, ಅಲ್ಲಿ ಬೀಳುವುದು ಬರೀ ನೆರಳು, ಅದೂ ನೆಟ್ಟಗೆ. ಅಕ್ಷಿಪಟಲದ ಚಿತ್ರವನ್ನು ಮಗುಚಿಯೇ ಓದಬೇಕೆಂಬ ಪಾಠ ಮಿದುಳಿಗೆ ರೂಢಿಯಾಗಿರುವುದರಿಂದ ನೆಟ್ಟಗಿರುವ ನೆರಳನ್ನೂ ಅದು ಮಗುಚಿಬಿಡುತ್ತದೆ. ಏನೂ ಕಾಣದಿದ್ದರೆ ಸೂಜಿ ತೂತಿಗೆ ತೀರಾ ಹತ್ತಿರವಿದೆ ಎಂದರ್ಥ. ಮಕ್ಕಳು ಮಾಡುವುದಾದರೆ ದೊಡ್ಡವರು ಪಕ್ಕದಲ್ಲಿರಿ.

ಕುರುಡು ಚುಕ್ಕೆ: ಇದಕ್ಕೆ ಹೆಚ್ಚು ಹೊತ್ತು ಕೊಡಿ

ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಮಾರಿಯೊಟ್ 1660ರ ದಶಕದಲ್ಲಿ ಇದನ್ನು ಗುರುತಿಸಿದ. ನೋಟದ ನಡುವಿನಿಂದ ಸುಮಾರು 15 ಡಿಗ್ರಿ ಹೊರಗೆ, ಕಿವಿಯ ದಿಕ್ಕಿಗೆ ಆ ತೂತು ಇದೆ. ಅಗಲ ಐದೂವರೆ ಡಿಗ್ರಿ, ಎತ್ತರ ಏಳೂವರೆ ಡಿಗ್ರಿ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಹನ್ನೊಂದು ಚಂದ್ರರನ್ನು ಸಾಲಾಗಿ ನಿಲ್ಲಿಸುವಷ್ಟು ಜಾಗ ಖಾಲಿ.

1. ಬಿಳಿ ಹಾಳೆಯ ಎಡಕ್ಕೆ ಒಂದು ಗುಣಾಕಾರ ಚಿಹ್ನೆ ಬರೆಯಿರಿ. ಅದರ ನೇರಕ್ಕೆ ಬಲಗಡೆ 8 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ಅಗಲದ ಕಪ್ಪು ಚುಕ್ಕೆ ತುಂಬಿ.
2. ಎಡಗಣ್ಣು ಮುಚ್ಚಿ. ಒತ್ತಬೇಡಿ, ಅಂಗೈ ಬಟ್ಟಲಿನಿಂದ ಮರೆ ಮಾಡಿದರೆ ಸಾಕು.
3. ಬಲಗಣ್ಣಿನಿಂದ ಗುಣಾಕಾರ ಚಿಹ್ನೆಯನ್ನೇ ದಿಟ್ಟಿಸುತ್ತ ಹಾಳೆಯನ್ನು 50 ಸೆಂ.ಮೀ. ದೂರದಿಂದ ನಿಧಾನವಾಗಿ ಹತ್ತಿರ ತನ್ನಿ.
4. ಸುಮಾರು 30 ಸೆಂ.ಮೀ. ಹತ್ತಿರ ಚುಕ್ಕೆ ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಬರುತ್ತದೆ.

ಮಾಯವಾಗಲೇ ಇಲ್ಲ ಎನ್ನುವವರು ಎರಡರಲ್ಲೊಂದು ತಪ್ಪು ಮಾಡಿರುತ್ತಾರೆ: ಬಲಗಣ್ಣು ಮುಚ್ಚಿರುತ್ತಾರೆ, ಇಲ್ಲವೇ ಚುಕ್ಕೆ ಹೋಯಿತೇ ಎಂದು ನೋಡಲು ಕಣ್ಣು ಅತ್ತ ಜಾರಿರುತ್ತದೆ. ಎರಡನೆಯದೇ ಹೆಚ್ಚು. ಗಮನ ಚುಕ್ಕೆಯ ಮೇಲಿರಲಿ, ದಿಟ್ಟಿ ಗುಣಾಕಾರದ ಮೇಲಿರಲಿ. ಎರಡು ಮೂರು ಸಲಕ್ಕೆ ಹದ ಸಿಗುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಚುಕ್ಕೆ ಹೋದ ಜಾಗದಲ್ಲಿ ಕಂಡದ್ದೇನು? ಕಪ್ಪು ತೂತಲ್ಲ, ಬಿಳಿ ಕಾಗದ. ಹಳದಿ ಹಾಳೆಯಲ್ಲಿ ಮಾಡಿದರೆ ಹಳದಿಯೇ ತುಂಬಿಕೊಳ್ಳುತ್ತದೆ. ಚುಕ್ಕೆಯ ಎಡಬಲಕ್ಕೆ ಒಂದೊಂದು ಗೆರೆ ಎಳೆದು, ಚುಕ್ಕೆಯ ಜಾಗದಲ್ಲಿ 1 ಸೆಂ.ಮೀ. ಖಾಲಿ ಬಿಡಿ. ಆ ಖಾಲಿ ಜಾಗ ಕುರುಡು ಚುಕ್ಕೆಗೆ ಬಿದ್ದಾಗ ಗೆರೆ ತುಂಡಾಗದೆ ಒಂದೇ ಆಗಿ ಕಾಣುತ್ತದೆ. ಸುತ್ತಲಿನದನ್ನು ನೋಡಿ ಮಿದುಳು ಅಲ್ಲಿರಬೇಕಾದ್ದನ್ನು ತೀರ್ಮಾನಿಸಿದೆ.

ಗಾತ್ರವನ್ನೂ ಅಳೆಯಬಹುದು. ಹಾಳೆಯನ್ನು ಗೋಡೆಗೆ ಅಂಟಿಸಿ, ಕಣ್ಣನ್ನು ಸರಿಯಾಗಿ 30 ಸೆಂ.ಮೀ. ದೂರದಲ್ಲಿಟ್ಟು, ಪೆನ್ನಿನ ತುದಿಯನ್ನು ಚುಕ್ಕೆಯ ನಡುವಿನಿಂದ ಹೊರಕ್ಕೆ ಸರಿಸಿ. ತುದಿ ಮತ್ತೆ ಕಂಡ ಕೂಡಲೇ ಗುರುತು ಹಾಕಿ. ಎಂಟು ದಿಕ್ಕಿನಲ್ಲಿ ಮಾಡಿದರೆ 3 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರದ ಅಂಡಾಕಾರ ಸಿಗುತ್ತದೆ. ಎರಡು ಮೀಟರು ದೂರದಲ್ಲಿ ಕುಳಿತವರ ಮುಖದಿಂದ ಅರ್ಧ ಮೀಟರಿಗೆ ಸ್ವಲ್ಪ ಹೆಚ್ಚು ಎಡಕ್ಕೆ ಬಲಗಣ್ಣಿನಿಂದ ದಿಟ್ಟಿಸಿದರೆ ಇಡೀ ಮುಖವೇ ಗೋಡೆಯಲ್ಲಿ ಕರಗುತ್ತದೆ.

ಇದು ಬರೀ ಮೋಜಿನ ಮಾತಲ್ಲ. ದೃಷ್ಟಿನರ ಹಾಳಾಗುವ ಗ್ಲೊಕೊಮಾ ರೋಗ ಬಂದವರಿಗೆ ಅಂಚಿನ ನೋಟ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದ್ದರೂ ಗೊತ್ತಾಗುವುದಿಲ್ಲ. ಕಾರಣ ಇದೇ: ಹೋದ ಜಾಗವನ್ನು ಮಿದುಳು ತುಂಬಿಬಿಡುತ್ತದೆ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಔಷಧಿಯಿಂದ ಉಳಿಸಿಕೊಳ್ಳಬಹುದು. ಮೇಲಿನ ಹಾಳೆಯ ಆಟದಲ್ಲಿ ಗ್ಲೊಕೊಮಾ ಪತ್ತೆಯಾಗದು. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಇದ್ದವರು, ಕಣ್ಣಿನ ಒತ್ತಡವನ್ನೂ ನರವನ್ನೂ ವೈದ್ಯರಲ್ಲಿ ತೋರಿಸಿಕೊಳ್ಳಲೇಬೇಕು. ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ: ಆಗಾಗ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳನ್ನೋ ಗೋಡೆಯ ಟೈಲ್ಸ್ ಗೆರೆಯನ್ನೋ ನೋಡಿ. ನೆಟ್ಟಗಿರುವ ಗೆರೆ ಡೊಂಕಾಗಿ ಕಂಡರೆ ಅಕ್ಷಿಪಟಲದ ನಡುಭಾಗದಲ್ಲಿ ತೊಂದರೆ ಇರಬಹುದು, ತಡ ಮಾಡಬೇಡಿ. ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಸುರಿಮಳೆ, ಪರದೆ ಇಳಿದಂಥ ನೆರಳು ಕಂಡರೆ ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಿ. ಅಕ್ಷಿಪಟಲ ಕಿತ್ತು ಬರುತ್ತಿರಬಹುದು.

ಹೆಬ್ಬೆರಳ ಉಗುರಿನಷ್ಟೇ ಸ್ಪಷ್ಟ

ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ. ಉಗುರಿನ ಅಗಲ ಸುಮಾರು ಒಂದೂವರೆಯಿಂದ ಎರಡು ಡಿಗ್ರಿ. ಚೂಪಾಗಿ ಕಾಣುವುದು ಅಷ್ಟೇ ಜಾಗ. ಬಣ್ಣವನ್ನೂ ಚೂಪು ವಿವರವನ್ನೂ ಹಿಡಿಯುವ ಶಂಕುಕೋಶಗಳು ದಟ್ಟವಾಗಿ ಒತ್ತಿಕೊಂಡಿರುವ, ಅಕ್ಷಿಪಟಲದ ನಡುವಿನ ಕೇಂದ್ರಕುಳಿಗೆ ಬೀಳುವ ಭಾಗ ಅದು. ನಂಬಿಕೆ ಬರದಿದ್ದರೆ ದಿನಪತ್ರಿಕೆಯ ಅಂಕಣದ ನಡುವಿನ ಒಂದು ಪದದ ಮೇಲೆ ದಿಟ್ಟಿ ನೆಟ್ಟು, ಕದಲದೆ, ಎರಡು ಸಾಲು ಮೇಲಿನ ಪದ ಓದಲು ನೋಡಿ. ಅಕ್ಷರವಿದೆ ಎಂದು ತಿಳಿಯುತ್ತದೆ, ಯಾವ ಅಕ್ಷರ ಎಂದು ತಿಳಿಯುವುದಿಲ್ಲ. ಒತ್ತು, ದೀರ್ಘಗಳ ನಮ್ಮ ಲಿಪಿಯಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ.

ಬಣ್ಣಕ್ಕೂ ಇದೇ ಕಥೆ. ನೀವು ನೇರ ಮುಂದೆ ಒಂದು ಬಿಂದು ನೋಡುತ್ತಿರಿ. ಇನ್ನೊಬ್ಬರು ನಿಮಗೆ ಹೇಳದೆ ಒಂದು ಬಣ್ಣದ ಗಾಜಿನ ಬಳೆ ಆರಿಸಿಕೊಂಡು ಕಿವಿಯ ಹಿಂದಿನಿಂದ ನಿಧಾನವಾಗಿ ಮುಂದಕ್ಕೆ ತರಲಿ. ಮೊದಲು ಏನೋ ಅಲುಗಿದ್ದು ತಿಳಿಯುತ್ತದೆ, ಆಮೇಲೆ ಬಳೆ ಎಂದು, ಕೊನೆಗೆ ಬಣ್ಣ. ಬಳೆ ಗಲ್ ಎನ್ನದಂತೆ ಒಂದೇ ಇರಲಿ.

ಹಾಗಾದರೆ ಕೋಣೆಯೆಲ್ಲ ಸ್ಪಷ್ಟವಾಗಿ, ಬಣ್ಣಬಣ್ಣವಾಗಿ ಕಾಣುವುದೇಕೆ? ಕಣ್ಣು ಸೆಕೆಂಡಿಗೆ ಮೂರು ಸಲ ಜಿಗಿಯುತ್ತದೆ. ಬೇಕೆನಿಸಿದ ಕಡೆ ಉಗುರಿನಗಲದ ಆ ಕಿಟಕಿಯನ್ನು ಒಯ್ದು ಇಡುತ್ತದೆ. ಜಿಗಿತಕ್ಕೆ ಹಿಡಿಯುವುದು 20ರಿಂದ 100 ಮಿಲಿಸೆಕೆಂಡು. ಆಗ ಚಿತ್ರ ಅಕ್ಷಿಪಟಲದ ಮೇಲೆ ಸರ್‍ರನೆ ಉಜ್ಜಿಹೋಗುತ್ತದೆ, ಆ ಮಸುಕನ್ನು ಮಿದುಳು ನಮಗೆ ಕೊಡುವುದಿಲ್ಲ. ಕನ್ನಡಿಯ ಮುಂದೆ 20 ಸೆಂ.ಮೀ. ದೂರ ನಿಂತು ನಿಮ್ಮ ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು ನೋಡಿ. ಕಣ್ಣು ಹೊರಳಿದ್ದು ನಿಮಗೆ ಎಂದೂ ಕಾಣದು. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಈಗ ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಅದನ್ನೇ ಮಾಡಿ. ಹೊರಳುವುದು ಕಾಣಿಸಿಬಿಡುತ್ತದೆ, ಏಕೆಂದರೆ ಪರದೆಯ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಮಿದುಳು ತೆರೆ ಎತ್ತಿದ ಮೇಲೆ ಬಂದ ಸುದ್ದಿ ಅದು.

ನಿಮ್ಮದೇ ರಕ್ತನಾಳಗಳು

ಅಕ್ಷಿಪಟಲದ ರಕ್ತನಾಳಗಳು ಬೆಳಕು ಹಿಡಿಯುವ ಕೋಶಗಳ ಮುಂದೆಯೇ ಹರಡಿವೆ. ದಿನವಿಡೀ ಅವುಗಳ ನೆರಳು ಕೋಶಗಳ ಮೇಲೆ ಬೀಳುತ್ತಿದ್ದರೂ ಕಾಣುವುದಿಲ್ಲ. ಕದಲದೆ ಒಂದೇ ಕಡೆ ಇರುವುದನ್ನು ದೃಷ್ಟಿ ಅಳಿಸಿಹಾಕುತ್ತದೆ. ಕಣ್ಣು ಹೊರಳಿದರೆ ಅವೂ ಜೊತೆಗೇ ಹೊರಳುವುದರಿಂದ ಅಕ್ಷಿಪಟಲದ ಮಟ್ಟಿಗೆ ಅವು ಕದಲಿದ್ದೇ ಇಲ್ಲ. ಹಾಗಾಗಿ ನೆರಳನ್ನು ಕದಲಿಸಬೇಕು.

ಮೊದಲಿನ ತೂತಿನ ಪತ್ರಿಕೆಯನ್ನೇ ತೆಗೆದುಕೊಳ್ಳಿ, ತೂತು ಸುಮಾರು 1 ಮಿ.ಮೀ. ಇರಲಿ. ಚಾಳೀಸು ತೆಗೆದು, ಕಣ್ಣಿಗೆ ಒಂದೆರಡು ಸೆಂ.ಮೀ. ಹತ್ತಿರ ಹಿಡಿದು ಬೆಳ್ಳಗಿನ ಆಕಾಶವನ್ನು ನೋಡುತ್ತ ಪತ್ರಿಕೆಯನ್ನು ಪುಟ್ಟ ವೃತ್ತದಲ್ಲಿ, 2–3 ಮಿ.ಮೀ. ಅಷ್ಟೇ, ಸೆಕೆಂಡಿಗೆ ಮೂರು ನಾಲ್ಕು ಸಲ ಆಡಿಸಿ. ಒಣಗಿ ಜಾಳಾದ ಅರಳಿ ಎಲೆಯ ನರಗಳಂತೆ ಕವಲು ಕವಲಾಗಿ ಒಂದು ಜಾಲ ಮೂಡುತ್ತದೆ. ನಟ್ಟನಡುವೆ ನಾಳಗಳಿಲ್ಲದ ಒಂದು ಬಯಲು: ಅದೇ ಕೇಂದ್ರಕುಳಿ. ಕೈ ನಿಲ್ಲಿಸಿ, ಒಂದೆರಡು ಸೆಕೆಂಡಿನಲ್ಲಿ ಜಾಲ ಆರಿಹೋಗುತ್ತದೆ. ಪತ್ರಿಕೆಯನ್ನು ಬರೀ ಎಡಬಲಕ್ಕೆ ಆಡಿಸಿದರೆ ಅಡ್ಡಡ್ಡ ಹೋಗುವ ನಾಳಗಳು ಕಾಣುವುದಿಲ್ಲ, ಅವುಗಳ ನೆರಳು ತನ್ನ ಮೇಲೆಯೇ ಜಾರುತ್ತದೆ. ಪುರ್ಕಿನ್ಯೆ 1820ರ ಆಸುಪಾಸಿನಲ್ಲಿ ವಿವರಿಸಿದ ಈ ಜಾಲವನ್ನು ನೋಡಿದವರು ಮರೆಯುವುದಿಲ್ಲ.

ನಮ್ಮ ಕಡೆಯ ಒಂದು ಹೆಸರನ್ನೂ ಇಲ್ಲಿ ಹೇಳಬೇಕು. ಸಿ. ವಿ. ರಾಮನ್ ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಬಹುಪಾಲು ದೃಷ್ಟಿ ಮತ್ತು ಬಣ್ಣದ ಅಧ್ಯಯನಕ್ಕೇ ಕೊಟ್ಟರು, 1968ರಲ್ಲಿ ಆ ಕುರಿತು ಪುಸ್ತಕವನ್ನೂ ಹೊರತಂದರು. ಬೆಳಗುವ ಬಿಳಿ ಪರದೆಯನ್ನು ಬಣ್ಣದ ಶೋಧಕದ (ಫಿಲ್ಟರ್) ಮೂಲಕ ದಿಟ್ಟಿಸಿ, ಶೋಧಕವನ್ನು ಥಟ್ಟನೆ ತೆಗೆದು, ಆ ಗಳಿಗೆಯಲ್ಲಿ ಪರದೆಯ ಮೇಲೆ ಮೂಡುವ ತಮ್ಮದೇ ಅಕ್ಷಿಪಟಲದ ಚಿತ್ರವನ್ನು ಅವರು ಪರಿಶೀಲಿಸುತ್ತಿದ್ದರು. ಬಣ್ಣದ ಬಗ್ಗೆ ಅವರು ಮುಂದಿಟ್ಟ ಸಿದ್ಧಾಂತ ನಿಲ್ಲಲಿಲ್ಲ. ಆದರೆ ತನ್ನ ಕಣ್ಣನ್ನೇ ಪ್ರಯೋಗಶಾಲೆ ಮಾಡಿಕೊಳ್ಳುವ ಆ ಕ್ರಮ ಇಂದಿಗೂ ಅನುಸರಿಸಲು ತಕ್ಕದ್ದು.

ಗೋಡೆಯ ಮೇಲೆ ಅರಿಶಿನ ಕುಂಕುಮ

ಮೊಬೈಲಿನ ಚಿತ್ರ ಬಿಡಿಸುವ ಆ್ಯಪಿನಲ್ಲಿ ಮೇಲಿನ ಅರ್ಧಕ್ಕೆ ಕಡುನೀಲಿ, ಕೆಳಗಿನ ಅರ್ಧಕ್ಕೆ ಹಸಿರು ಬೆರೆತ ತಿಳಿನೀಲಿ ತುಂಬಿ. ನಡುವೆ ಒಂದು ಕಪ್ಪು ಚುಕ್ಕೆ ಇಡಿ. ಪರದೆಯ ಬೆಳಕು ಪೂರ್ತಿ ಏರಿಸಿ, 30 ಸೆಂ.ಮೀ. ದೂರದಿಂದ ಚುಕ್ಕೆಯನ್ನು 30 ಸೆಕೆಂಡು ಕದಲದೆ ನೋಡಿ, ಆಮೇಲೆ ಬಿಳಿ ಗೋಡೆ ನೋಡಿ. ಮೇಲೆ ಹಳದಿ, ಕೆಳಗೆ ಕೆಂಪು: ಕನ್ನಡ ಬಾವುಟ ಗೋಡೆಯ ಮೇಲೆ ತೇಲುತ್ತದೆ. ತೆಳುವಾದ ಬಣ್ಣವೇ, ಆದರೆ ತಪ್ಪುವುದಿಲ್ಲ. ಮಾಸತೊಡಗಿದರೆ ಕಣ್ಣು ಪಿಳುಕಿಸಿ, ಮತ್ತೆ ಬರುತ್ತದೆ. ಬಣ್ಣಗಳು ಕಲಸಿಕೊಂಡು ಬಂದರೆ ದಿಟ್ಟಿಸುವಾಗ ಕಣ್ಣು ಅಲೆದಾಡಿದೆ.

ನೀಲಿಗೆ ಸ್ಪಂದಿಸಿದ ಕೋಶಗಳು ದಣಿದಿವೆ, ಆಮೇಲೆ ಬಂದ ಬಿಳಿಯಲ್ಲಿ ಅವುಗಳ ಪಾಲು ಕಡಿಮೆಯಾಯಿತು, ಉಳಿದವುಗಳ ದನಿ ಮೇಲಾಯಿತು. ಜೊತೆಗೆ ಮುಂದಿನ ನರಕೋಶಗಳು ನೀಲಿ–ಹಳದಿ, ಕೆಂಪು–ಹಸಿರು ಎಂದು ಜೋಡಿ ಜೋಡಿಯಾಗಿ ತಕ್ಕಡಿ ಹಿಡಿದಿವೆ. ಒಂದು ತಟ್ಟೆ ಹಗುರವಾದರೆ ಇನ್ನೊಂದು ಇಳಿಯುತ್ತದೆ.

ಇನ್ನೊಂದು ಹೆಜ್ಜೆ ಹಾಕಿ. ಬಾವುಟ ಇನ್ನೂ ಇರುವಾಗಲೇ 25 ಸೆಂ.ಮೀ. ದೂರದ ಅಂಗೈ ನೋಡಿ, ಆಮೇಲೆ ಎರಡೂವರೆ ಮೀಟರು ದೂರದ ಗೋಡೆ ನೋಡಿ. ಅಂಗೈಯಲ್ಲಿ ಪುಟ್ಟದು, ಗೋಡೆಯಲ್ಲಿ ಹತ್ತು ಪಟ್ಟು ದೊಡ್ಡದು. ಅಕ್ಷಿಪಟಲದ ಮೇಲಿನ ಗುರುತು ಒಂದೇ, ಬದಲಾಗಿಲ್ಲ. ದೂರ ಎಷ್ಟೆಂದು ಲೆಕ್ಕ ಹಾಕಿ ಗಾತ್ರ ಹೇಳುತ್ತಿರುವುದು ಮಿದುಳು.

ಎರಡು ಕಣ್ಣಿನ ಲೆಕ್ಕ

ಎ4 ಹಾಳೆಯನ್ನು 3 ಸೆಂ.ಮೀ. ಅಗಲದ ಕೊಳವೆಯಾಗಿ ಸುತ್ತಿ ಬಲಗಣ್ಣಿಗೆ ಹಿಡಿಯಿರಿ. ಎಡ ಅಂಗೈಯನ್ನು ಎಡಗಣ್ಣಿನ ಮುಂದೆ ಕೊಳವೆಗೆ ತಗುಲಿಸಿ 15 ಸೆಂ.ಮೀ. ದೂರದಲ್ಲಿಡಿ. ಎರಡೂ ಕಣ್ಣು ತೆರೆದು ದೂರ ನೋಡಿದರೆ ಅಂಗೈಯಲ್ಲಿ ತೂತು! ಇದು ಎಲ್ಲರಿಗೂ ಗೊತ್ತಿರುವುದು. ಇನ್ನೂ ಚೆಂದದ್ದು ಲೋಲಕ.

ಬೀಗದ ಕೈ ಗೊಂಚಲನ್ನು ಒಂದು ಮೀಟರು ದಾರಕ್ಕೆ ಕಟ್ಟಿ ಬಾಗಿಲ ಚೌಕಟ್ಟಿನಿಂದ ಇಳಿಬಿಡಿ. ಎರಡು ಮೂರು ಮೀಟರು ದೂರ ಕುಳಿತು, ನಿಮ್ಮ ಮುಂದೆ ಎಡಬಲಕ್ಕೆ ನೇರವಾಗಿ ತೂಗುವಂತೆ ಯಾರಿಂದಲಾದರೂ ಬಿಡಿಸಿ. ಕರಿ ಕನ್ನಡಕದ ಒಂದು ಗಾಜನ್ನು ಎಡಗಣ್ಣಿಗೆ ಮಾತ್ರ ಹಿಡಿದು, ಎರಡೂ ಕಣ್ಣು ತೆರೆದು ನೋಡಿ. ಗೊಂಚಲು ನೇರ ಹೋಗುವುದನ್ನು ಬಿಟ್ಟು ಅಂಡಾಕಾರದಲ್ಲಿ ಸುತ್ತತೊಡಗುತ್ತದೆ: ಬಲಕ್ಕೆ ಹೋಗುವಾಗ ದೂರ, ಎಡಕ್ಕೆ ಬರುವಾಗ ಹತ್ತಿರ. ಗಾಜನ್ನು ಬಲಗಣ್ಣಿಗೆ ಬದಲಿಸಿ, ಸುತ್ತು ತಿರುಗುಮುರುಗಾಗುತ್ತದೆ. ಮಬ್ಬು ಬೆಳಕಿನ ಸಂಕೇತ ಕೆಲವು ಮಿಲಿಸೆಕೆಂಡು ತಡವಾಗಿ ಹೊರಡುತ್ತದೆ. ಹಾಗಾಗಿ ಎಡಗಣ್ಣು ಹೇಳುವುದು ಗೊಂಚಲು ಆಗಲೇ ಬಿಟ್ಟುಹೋದ ಜಾಗವನ್ನು. ಎರಡು ಕಣ್ಣಿನ ವರದಿಯಲ್ಲಿ ಬಂದ ಈ ವ್ಯತ್ಯಾಸವನ್ನು ಮಿದುಳು ಆಳ ಎಂದು ಓದುತ್ತದೆ. 1922ರಲ್ಲಿ ಇದನ್ನು ವಿವರಿಸಿದ ಪುಲ್‌ಫ್ರಿಷ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತನ್ನ ಹೆಸರಿನ ಈ ಪರಿಣಾಮವನ್ನು ಅವರು ಸ್ವತಃ ನೋಡಲು ಆಗಲೇ ಇಲ್ಲ.

ಕೋಣೆ ಕತ್ತಲಾಗಿದ್ದರೆ ಅಥವಾ ಗಾಜು ತೀರಾ ಕಪ್ಪಾಗಿದ್ದರೆ ಪರಿಣಾಮ ಕೆಡುತ್ತದೆ. ಮನೆಯವರಿಗೆಲ್ಲ ಕಂಡು ಒಂದು ಮಗುವಿಗೆ ಮಾತ್ರ ಎಷ್ಟು ಮಾಡಿದರೂ ಕಾಣದಿದ್ದರೆ ಅದರ ಎರಡು ಕಣ್ಣು ಕೂಡಿ ಕೆಲಸ ಮಾಡುತ್ತಿಲ್ಲದಿರಬಹುದು. ಇದಕ್ಕೆ ಮಂದಗಣ್ಣು ಕಾರಣವಿರಬಹುದು: ಕಣ್ಣು ಸರಿಯಿದ್ದೂ ಮಿದುಳು ಅದರ ಮಾತು ಕೇಳುವುದನ್ನು ಕಲಿಯದ ಸ್ಥಿತಿ. ಆ ಕಲಿಕೆಗೆ ಎಳವೆಯಲ್ಲೇ ಒಂದು ಕಾಲವಿದೆ ಎಂದು ತೋರಿಸಿದ ಹ್ಯೂಬೆಲ್ ಮತ್ತು ವೀಸೆಲ್‌ಗೆ 1981ರಲ್ಲಿ ನೊಬೆಲ್ ಬಂತು. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಇನ್ನೊಂದಕ್ಕೆ ದುಡಿಸುವ ಚಿಕಿತ್ಸೆ ಏಳು ವರ್ಷದೊಳಗೆ ಶುರುವಾದರೆ ಫಲ ಹೆಚ್ಚು. ಶಾಲೆಗೆ ಸೇರಿಸುವ ಮೊದಲೇ ಮಗುವಿನ ಒಂದೊಂದೇ ಕಣ್ಣು ಪರೀಕ್ಷಿಸಿ.

ಇಡ್ಲಿ ತಟ್ಟೆಯ ಗುಳಿ

ಒಂದೇ ಕಿಟಕಿಯ ಬೆಳಕು ಬೀಳುವ ಕಡೆ ಖಾಲಿ ತಟ್ಟೆ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಅಂಚು, ಹಿಡಿಕೆ ಕಾಣದಂತೆ ಕತ್ತರಿಸಿ ಗುಳಿಗಳನ್ನು ಮಾತ್ರ ಉಳಿಸಿ. ಮೊಬೈಲಿನ ತಾನೇ ತಿರುಗುವ ಸೌಲಭ್ಯ ಬಂದ್ ಮಾಡಿ. ಕಿಟಕಿಯ ಬದಿ ಮೇಲಿರುವಂತೆ ಹಿಡಿದರೆ ಗುಳಿಗಳು ಗುಳಿಗಳೇ. ಮೊಬೈಲನ್ನು ತಲೆಕೆಳಗು ಮಾಡಿ: ಗುಳಿಗಳೆಲ್ಲ ಉಬ್ಬಿ, ಇಡ್ಲಿ ಬೆಂದು ಕೂತ ಹಾಗೆ ಕಾಣುತ್ತವೆ. ಬೆಳಕು ಮೇಲಿನಿಂದಲೇ ಬರುತ್ತದೆ ಎನ್ನುವುದು ಮಿದುಳಿನ ಗಟ್ಟಿ ನಂಬಿಕೆ. ಮೇಲಂಚು ಬೆಳಗಿದ್ದರೆ ಉಬ್ಬು, ಕೆಳಂಚು ಬೆಳಗಿದ್ದರೆ ತಗ್ಗು. ವಿ. ಎಸ್. ರಾಮಚಂದ್ರನ್ 1988ರಲ್ಲಿ ಈ ನೆರಳಿನ ಓದನ್ನು ಚೆನ್ನಾಗಿ ತೋರಿಸಿಕೊಟ್ಟರು. ಸ್ಟೀಲಿನ ಹೊಳಪು ಅಡ್ಡ ಬಂದರೆ ತಟ್ಟೆಗೆ ಅಕ್ಕಿಹಿಟ್ಟು ಉದುರಿಸಿ ಒರೆಸಿ.

ಕತ್ತಲಲ್ಲಿ ಪಕ್ಕಕ್ಕೆ ನೋಡಿ

ದೀಪ ಆರಿದ ಮೇಲೆ ಶಂಕುಕೋಶಗಳು ಹತ್ತು ನಿಮಿಷದಲ್ಲಿ ಹೊಂದಿಕೊಳ್ಳುತ್ತವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಸರಳುಕೋಶಗಳಿಗೆ ಅರ್ಧ ಗಂಟೆ ಬೇಕು, ಬೆಳಕಿನಲ್ಲಿ ಕರಗಿದ ಅವುಗಳ ವರ್ಣದ್ರವ್ಯ ಮತ್ತೆ ಕೂಡಬೇಕು. ಅದಕ್ಕೆ ಬೇಕಾದದ್ದು ಎ ಜೀವಸತ್ವ. ಇರುಳುಗಣ್ಣಿಗೆ ಅದರ ಕೊರತೆ ಕಾರಣವಾಗುವುದು ಹೀಗೆ. ನಡುವೆ ಒಮ್ಮೆ ಮೊಬೈಲು ನೋಡಿದರೂ ಮೊದಲಿಂದ ಕಾಯಬೇಕು. ಬೆಳಕು ಬೇಕೇ ಬೇಕೆಂದರೆ ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಸರಳುಕೋಶಗಳಿಗೆ ಕಡುಗೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಕೇಂದ್ರಕುಳಿಯಲ್ಲಿ ಸರಳುಕೋಶಗಳಿಲ್ಲ, ಅವು ದಟ್ಟವಾಗಿರುವುದು ಸುಮಾರು 20 ಡಿಗ್ರಿ ಆಚೆಗೆ. ಅದಕ್ಕೇ ಮಂಕು ನಕ್ಷತ್ರವನ್ನು ನೇರ ದಿಟ್ಟಿಸಿದರೆ ಅದು ಕಣ್ಮರೆಯಾಗುತ್ತದೆ. ಡಿಸೆಂಬರ್, ಜನವರಿಯ ಸಂಜೆ ನೆತ್ತಿಯ ಮೇಲಿನ ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಎಂದು ನೇರ ನೋಡಿ ಎಣಿಸಿ, ಆಮೇಲೆ ಚಾಚಿದ ಕೈಯ ಒಂದು ಮುಷ್ಟಿಯಷ್ಟು ಪಕ್ಕಕ್ಕೆ ದಿಟ್ಟಿ ಸರಿಸಿ ನೋಡಿ. ಗೊಂಚಲು ತಟ್ಟನೆ ಬೆಳಗುತ್ತದೆ.

ಏಪ್ರಿಲ್, ಮೇ ಸಂಜೆಗಳಲ್ಲಿ ಉತ್ತರಕ್ಕೆ ಸಪ್ತರ್ಷಿ ಮಂಡಲದ ಬಾಲದಲ್ಲಿ ತುದಿಯಿಂದ ಎರಡನೆಯದು ವಸಿಷ್ಠ, ಅದರ ಪಕ್ಕಕ್ಕೆ ಒತ್ತಿಕೊಂಡದ್ದು ಅರುಂಧತಿ. ಇವೆರಡರ ನಡುವಿನ ಕೋನ 12 ಮಿನಿಟು, ಡಿಗ್ರಿಯ ಐದನೇ ಒಂದು ಪಾಲು. 6/6 ದೃಷ್ಟಿಯವರು ಒಂದು ಮಿನಿಟಿನ ಅಂತರವನ್ನೇ ಬೇರ್ಪಡಿಸಬಲ್ಲರು, ಆದ್ದರಿಂದ ಕಾಣದಿದ್ದರೆ ದೂರಬೇಕಾದದ್ದು ಹೆಚ್ಚಾಗಿ ಊರಿನ ಬೆಳಕನ್ನು, ಇಲ್ಲವೇ ಬದಲಿಸದೆ ಬಿಟ್ಟ ಚಾಳೀಸನ್ನು. ಮದುವೆಯಲ್ಲಿ ವಧೂವರರಿಗೆ ತೋರಿಸುವ ಆ ಜೋಡಿ ಅಕ್ಷಿಪಟಲದ ಮೇಲೆ ಬೀಳುವಾಗ ಇರುವ ಅಂತರ ಸುಮಾರು 0.06 ಮಿ.ಮೀ., ಇಪ್ಪತ್ತು ಇಪ್ಪತ್ತೈದು ಶಂಕುಕೋಶಗಳನ್ನು ಸಾಲಾಗಿ ಇಟ್ಟಷ್ಟು. ಮೊದಲು ಬಲಗಣ್ಣಿನಿಂದ ನೋಡಿ, ಆಮೇಲೆ ಎಡಗಣ್ಣಿನಿಂದ.